ಮುಖದಲ್ಲಿ ಕಳೆ ಬಂದಿದೆ

ಫೆಬ್ರವರಿ ೧೧

ಪ್ರೀತಿಯ ಪುಟ್ಟಿಗೆ,

ನಿನ್ನ ಮಂಡಿ ಹೇಗಿದೆ? ನಿಮ್ಮೆಜಮಾನರ ಸಕ್ಕರೆ ಹತೋಟಿಗೆ ಬಂತೇ, ಇಲ್ಲ ಇನ್ನೂ ಕದ್ದು ತಿನ್ನುತ್ತಿದ್ದಾರೆಯೇ? ನಿಮ್ಮತ್ತೆಯವರ ಕಣ್ಣಿನ ಪೊರೆ ತೆಗೆಸಿದಿರಂತೆ. ಇನ್ನು ಎಲ್ಲರ ತಪ್ಪೂ ಅವರಿಗೆ ಸ್ಪಷ್ಟವಾಗಿ ಕಾಣುತ್ತದೆ, ಹುಷಾರು. ದೊಡ್ಡ ಮಗಳ ಬೆನ್ನುನೋವು, ಚಿಕ್ಕವಳ ಕೆಮ್ಮು ಎಲ್ಲವನ್ನೂ ವಿಚಾರಿಸಿದೆನೆಂದು ಹೇಳು. ನಾನು ಚೆನ್ನಾಗಿದ್ದೇನೆ. ಚೆನ್ನಾಗಿರುವುದೇ ಈಗ ನನ್ನ ಮೇಲಿರುವ ಆಪಾದನೆ ಎಂದು ಕೇಳಿದೆ.

ಫೋನಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲವಾದ್ದರಿಂದ ಈ ಕಾಗದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಹೊಲಿಯಲು ಬಂದ ಬಟ್ಟೆಗೆ ಸುತ್ತಿದ್ದ ಹಳೆ ಪತ್ರಿಕೆ ಓದಿ ಓದಿ ಅಕ್ಷರ ಗಟ್ಟಿ ಮಾಡಿಕೊಂಡವಳು ನಾನು. ಹೆಡ್‌ಮಿಸ್ ಆಗಿದ್ದವಳು ನೀನು. ತಪ್ಪು ಕಂಡಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕು, ಆದರೆ ಕೊನೆತನಕ ಓದು.

ನಿನ್ನೆ ನಮ್ಮ ಮಗ ಔಷಧದ ಅಂಗಡಿ ಮುಚ್ಚಿ ಬಂದವನೇ, ಚಪ್ಪಲಿಯನ್ನೂ ಬಿಡದೆ, ನೀನು ಅವನಿಗೆ ಕಳಿಸಿದ ಮೆಸೇಜನ್ನು ಓದಿ ಹೇಳಿದ. ನಾನು ನಿಮ್ಮಣ್ಣನನ್ನು ಜಗತ್ತಿನ ಮುಂದೆ ಕೋಡಂಗಿ ಮಾಡಿದ್ದೇನೆ, ಅವರು ಹೋದ ದಿನವೇ ಅವರ ಫೋಟೋ ಹಾಕಿ ಹಲ್ಲು ಕಿರಿದಿದ್ದೇನೆ, ಆದ್ದರಿಂದ ಮನೆಯವರೆಲ್ಲರಿಗೂ ಲಿಖಿತವಾಗಿ ಕ್ಷಮೆ ಕೇಳಿ ಆ 'ಪೋಲಿ ಗುಂಪು' ಬಿಡಬೇಕು. ಓದಿ ಮುಗಿಸಿ ಅವನು ಅಂದ:

"ಅಮ್ಮ, ಅತ್ತೆ ಹೇಳೋದ್ರಲ್ಲಿ ತಪ್ಪೇನಿದೆ? ಅಪ್ಪ ಹೋಗಿ ಇನ್ನೂ ಐದು ವಾರ. ನೀನು ನೋಡಿದ್ರೆ ಫೋನ್ ಹಿಡ್ಕೊಂಡು ಕಿಸಿಕಿಸಿ ಅಂತಿರ್ತೀಯ."

"ಕಿಸಿಕಿಸಿ ಅನ್ನಲ್ಲಪ್ಪ, ಜೋರಾಗೇ ನಗ್ತೀನಿ. ನೀನು ಮನೇಲಿದ್ದಾಗ ಕಮ್ಮಿ ಮಾಡ್ಕೊಂಡಿರ್ತೀನಿ, ಅಷ್ಟೆ."

ಅವನಿಗೆ ಆಮೇಲೆ ಊಟ ಸೇರಲಿಲ್ಲ. ನನಗೆ ಸೇರಿತು.

ಆ ಗುಂಪು ಏನೆಂದು ನಿನಗೆ ಗೊತ್ತಿಲ್ಲ, ಹೇಳುತ್ತೇನೆ. ನಿಮ್ಮಣ್ಣನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಇತ್ತಲ್ಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ನೀನು ಬಂದಾಗೆಲ್ಲ ನೇರವಾಗಿ ವಾರ್ಡಿನೊಳಗೆ ಹೋದೆ. ಹೊರಗೆ ಕಾರಿಡಾರಿನಲ್ಲಿ ಒಂದು ಉದ್ದ ಬೆಂಚಿದೆ, ಒಂದು ಕಾಲು ಗಿಡ್ಡ. ಜೊತೆಗೆ ಬಂದವರು ಕೂರುವುದು ಅಲ್ಲಿ. ಎದುರಿನ ಗೋಡೆಯಲ್ಲಿ 'ಸದ್ದು ಮಾಡಬೇಡಿ' ಎಂಬ ಬೋರ್ಡು. ಎರಡು ವರ್ಷ ಆ ಬೋರ್ಡನ್ನು ನೋಡಿಕೊಂಡು ಕೂತೆವು: ತಾಯಿಯನ್ನು ಕರೆತರುತ್ತಿದ್ದ ಬೇಕರಿಯವನು, ಹೆಂಡತಿಯನ್ನು ಕರೆತರುತ್ತಿದ್ದ ಪೇಂಟರು, ಅಪ್ಪನನ್ನು ಕರೆತರುತ್ತಿದ್ದ ಲೈಬ್ರರಿಯವಳು, ನಾನು. ಮಾತಾಡುವ ಹಾಗಿಲ್ಲ. ಒಂದು ದಿನ ಬೇಕರಿಯವನು ಪಕ್ಕದಲ್ಲೇ ಕೂತು ನನ್ನ ಫೋನಿಗೆ ಒಂದು ಚಿತ್ರ ಕಳಿಸಿದ. ಸೀದು ಕಪ್ಪಾದ ಬನ್ನು, ಅದಕ್ಕೆ ದ್ರಾಕ್ಷಿಯ ಎರಡು ಕಣ್ಣು, ಕೆಳಗೆ 'ಸೋಮವಾರ ಬೆಳಿಗ್ಗೆ ನಾನು' ಅಂತ. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಬೆಂಚು ಅಲ್ಲಾಡಿತು. ಬೆಂಚು ಅಲ್ಲಾಡಿದ್ದಕ್ಕೆ ಮಿಕ್ಕವರೂ ಏನೆಂದು ಕೇಳಿದರು. ಹೀಗೆ ಶುರುವಾದದ್ದು 'ಬೆಂಚಿನವರು'. ಈಗ ನಾವು ಮೂವತ್ತೊಂದು ಜನ. ಅರ್ಧಕ್ಕರ್ಧ ಜನರ ಮುಖವನ್ನೇ ನಾನು ಕಂಡಿಲ್ಲ. ಯಾವುದೋ ಊರಿನ ಯಾವುದೋ ಆಸ್ಪತ್ರೆಯ ಬೆಂಚಿನಲ್ಲಿ ಕೂತವರು.

ಬೆಂಚಿಗೆ ಒಂದು ಕಟ್ಟುಪಾಡಿದೆ. 'ಹೇಗಿದ್ದಾರೆ?' ಎಂದು ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನಮ್ಮ ಬಾಯಿ ಸವೆದಿತ್ತು. ಬದಲಿಗೆ ಏನಾದರೂ ನಗುವಂಥದ್ದನ್ನು ಕಳಿಸಬೇಕು. ಒಬ್ಬರು ದಿನವಿಡೀ ಏನೂ ಕಳಿಸದಿದ್ದರೆ ಅಲ್ಲಿ ಏನೋ ಆಗಿದೆ ಎಂದು ಅರ್ಥ. ಇನ್ನೊಂದು: ಯಾರಾದರೂ ಹೋದರೆ ಅವರದೇ ನಗು ಬರುವ ಫೋಟೋವನ್ನು ಮನೆಯವರು ಹಾಕುತ್ತಾರೆ, ನೋಡಿದ ಪ್ರತಿಯೊಬ್ಬರೂ ಅದನ್ನು ನಗು ಬೇಕಾದ ಇನ್ನೊಬ್ಬರಿಗೆ ಕಳಿಸುತ್ತಾರೆ. ಬೇರೆಯವರು ಸಂತಾಪ ಸೂಚಿಸುತ್ತಾರೆ, ನಾವು ಹೀಗೆ. ನಿಮ್ಮಣ್ಣ ಹೋದ ದಿನ ನಾನೂ ಹಾಕಿದೆ. ಅದು ಕೈಯಿಂದ ಕೈಗೆ ಹೋಗಿ ಎಲ್ಲೆಲ್ಲೋ ಸುತ್ತಿತು. ನಿನ್ನ ತನಕ ಬರುತ್ತದೆಂದು ಎಣಿಸಿರಲಿಲ್ಲ. ಇದೊಂದು ನನ್ನ ಅಂದಾಜು ತಪ್ಪಿದ್ದು.

ಅಂದಾಜು ತಪ್ಪಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಗುಂಪು ಬಿಡುವುದಿಲ್ಲ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ಕೈ ತೊಳೆದುಕೊಂಡು ನಿಧಾನವಾಗಿ ಕೂತು ಬರೆಯುತ್ತಿದ್ದೇನೆ.

ಇಂತಿ ನಿನ್ನ
ಅತ್ತಿಗೆ


ಫೆಬ್ರವರಿ ೨೭

ಅತ್ತಿಗೆಯವರಿಗೆ,

ನಿಮ್ಮ ಪತ್ರ ತಲುಪಿದೆ. ಕೊನೆತನಕ ಓದಿದೆ. ಮನೆಯಲ್ಲಿ ಎಲ್ಲರೂ ಆರೋಗ್ಯ.

ಆ ಚಿತ್ರ ನನ್ನ ತನಕ ಹೇಗೆ ಬಂತು ಎಂದು ನೀವು ಕೇಳಲಿಲ್ಲ. ಅಣ್ಣ ಹೋದ ಹದಿನಾಲ್ಕನೇ ದಿನ, ಕಣ್ಣಿನ ಆಸ್ಪತ್ರೆಯಲ್ಲಿ ಅತ್ತೆಯವರಿಗೆ ಔಷಧ ಬಿಟ್ಟು ಕೂರಿಸಿದ್ದರು. ನಾನು ಪಕ್ಕದಲ್ಲಿದ್ದೆ. ನಮ್ಮ ನಿವೃತ್ತ ಶಿಕ್ಷಕರ ಗುಂಪಿಗೆ ಡ್ರಾಯಿಂಗ್ ಮೇಷ್ಟ್ರು ಒಂದು ಚಿತ್ರ ಹಾಕಿದರು. ತೆರೆದರೆ ಅಣ್ಣ. ಹಾಸಿಗೆಯಲ್ಲಿ ಒರಗಿ ಕೂತು, ಎದುರಿಗೆ ಯಾರೋ ಹಿಡಿದ ಚಮಚವನ್ನು ಒಂದು ಹುಬ್ಬು ಏರಿಸಿ ನೋಡುತ್ತಿರುವ ಅಣ್ಣ. ಕೆಳಗೆ ಬರೆದಿದ್ದರು: 'ಹತ್ತೇ ನಿಮಿಷದ ಮೀಟಿಂಗು ಅಂತ ಹೆಡ್‌ಮಿಸ್ ಅಂದಾಗ.'

ಅವನು ನನ್ನ ಅಣ್ಣ ಎಂದು ಅವರಾರಿಗೂ ಗೊತ್ತಿಲ್ಲ. ಹೆಡ್‌ಮಿಸ್ ಯಾರೆಂದು ಮಾತ್ರ ಎಲ್ಲರಿಗೂ ಗೊತ್ತು. ಐದು ನಿಮಿಷದಲ್ಲಿ ಹನ್ನೊಂದು ಜನ ನಕ್ಕರು. ಆಗ ನಾನು ಏನು ಮಾಡಿದೆ ಗೊತ್ತೇ? ನಾನೂ ಒಂದು ನಗುವ ಮುಖ ಒತ್ತಿದೆ. ಒತ್ತದಿದ್ದರೆ ಯಾಕೆಂದು ಕೇಳುತ್ತಿದ್ದರು. ಸತ್ತ ಅಣ್ಣನ ಮುಖದ ಕೆಳಗೆ ನಾನು ನಗುವ ಮುಖ ಒತ್ತಿದ್ದೇನೆ ಅತ್ತಿಗೆ. ನಿಮ್ಮ ಬೆಂಚಿನ ಕಟ್ಟುಪಾಡುಗಳಲ್ಲಿ ಇದಕ್ಕೆ ಏನೆನ್ನುತ್ತಾರೆ?

ಅಣ್ಣ ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿ ಮರ್ಯಾದೆಯಿಂದ ಬದುಕಿದವನು. ಈಗ ಅವನಿಗೆ 'ಸ್ಪೂನ್ ತಾತ' ಎಂದು ಹೆಸರಂತೆ.

ಚಿಕ್ಕವಳ ಮದುವೆ ಮೇ ಹದಿನೆಂಟಕ್ಕೆ ನಿಶ್ಚಯವಾಗಿದೆ. ನಿಮ್ಮಿಂದ ಕ್ಷಮಾಪಣೆ ಪತ್ರ ಬರುವ ತನಕ, ನೀವು ಆ ಗುಂಪಿನಿಂದ ಹೊರಬರುವ ತನಕ, ಕರೆಯೋಲೆಯನ್ನು ನಿರೀಕ್ಷಿಸಬೇಡಿ. ಅವಳನ್ನು ಎತ್ತಿ ಆಡಿಸಿದವರು ನೀವು ಎಂಬುದು ನನಗೆ ನೆನಪಿದೆ. ನೆನಪಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಇಂತಿ,
ನಿಮ್ಮ ನಾದಿನಿ


ಮಾರ್ಚ್ ೮

ಪುಟ್ಟಿಗೆ,

ಆ ನಗುವ ಮುಖ ಒತ್ತಿದ ವಿಷಯ ಓದಿ ಕಾಗದವನ್ನು ಮಡಿಸಿ ಸ್ವಲ್ಪ ಹೊತ್ತು ಹೊಲಿಗೆ ಮಷೀನಿನ ಮೇಲೆ ಇಟ್ಟುಬಿಟ್ಟೆ. ಅದಕ್ಕೆ ಬೆಂಚಿನಲ್ಲಿ ಏನೂ ಅನ್ನುವುದಿಲ್ಲ ಕಣೇ. ಸುಮ್ಮನೆ ಪಕ್ಕಕ್ಕೆ ಸರಿದು ಜಾಗ ಕೊಡುತ್ತೇವೆ.

ಆದರೆ ಮಿಕ್ಕ ಮಾತಿಗೆ ನನ್ನ ಉತ್ತರ ಮೊದಲಿನದೇ.

ಕೋಡಂಗಿ ಮಾಡಿದೆ ಎನ್ನುತ್ತೀಯ. ಆ ಮುಖವನ್ನು ಇನ್ನೊಂದು ಸಲ ನೋಡು. ನಲವತ್ತು ವರ್ಷ ಅಂಗಡಿಯವರು ಅಂಜುತ್ತಿದ್ದದ್ದು ಅದೇ ಮುಖಕ್ಕೆ. ತಕ್ಕಡಿಯ ಮುಳ್ಳು ಮಧ್ಯದಲ್ಲೇ ನಿಂತಿದ್ದರೂ ಇವರು ಹುಬ್ಬು ಏರಿಸಿ ಹಾಗೆ ನೋಡಿದರೆ ಸಾಕು, "ಇರಿ ಸಾರ್, ಬಟ್ಟಲ ಕೆಳಗೆ ಏನೋ ಅಂಟ್ಕೊಂಡಿದೆ" ಅಂತ ಅವರೇ ಬಗ್ಗಿ ತೆಗೆಯುತ್ತಿದ್ದರು. ಜನ ಈಗ ಆ ಮುಖದ ಕೆಳಗೆ ಏನೇನು ಬರೆಯುತ್ತಿದ್ದಾರೆ ಗೊತ್ತೇ? 'ಐದೇ ನಿಮಿಷದಲ್ಲಿ ಬಂದೆ ಅಂತ ಪ್ಲಂಬರ್ ಅಂದಾಗ.' 'ನಾನು ತಿನ್ನೋದೇ ಕಮ್ಮಿ ಅಂತ ಹೆಂಡತಿಯ ತಮ್ಮ ಅಂದಾಗ.' 'ಇನ್ನು ಮುಂದೆ ಬೇಗ ಏಳ್ತೀನಿ ಅಂತ ನನಗೆ ನಾನೇ ಅಂದುಕೊಂಡಾಗ.' ಒಂದರಲ್ಲಾದರೂ ಜನ ಇವರನ್ನು ಗೇಲಿ ಮಾಡಿದ್ದಾರೆಯೇ? ಸುಳ್ಳು ತೂಕ ಹಿಡಿಯುವ ಕೆಲಸಕ್ಕೆ ಇವರನ್ನು ಮತ್ತೆ ಕೂರಿಸಿದ್ದಾರೆ, ಅಷ್ಟೆ. ಸತ್ತ ಮೇಲೂ ಕೆಲಸ ಸಿಕ್ಕಿದೆ ನಿಮ್ಮಣ್ಣನಿಗೆ. ನಮ್ಮ ಮಗನಿಗೆ ಇದನ್ನೇ ಹೇಳಿದೆ. "ಅಂಗಡಿಗೆ ಬಂದವರು ಫೋನ್ ತೆಗೆದು ನಂಗೇ ತೋರಿಸ್ತಾರೆ ಅಮ್ಮ, 'ನಿಮ್ಮ ಮೂಗೂ ಹಿಂಗೇ ಇದೆ' ಅಂತಾರೆ" ಎಂದು ಮುಖ ಊದಿಸಿದ. "ಮೂಗು ಅವರದೇ ತಾನೇ, ಹೌದು ಅನ್ನು" ಅಂದೆ.

ಇನ್ನು, ಆ ಫೋಟೋವನ್ನು ಆರಿಸಿದ್ದು ನಾನಲ್ಲ. ಬೆಂಚಿನ ಪದ್ಧತಿ ಅವರಿಗೂ ಗೊತ್ತಿತ್ತು. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ನನ್ನ ಫೋನನ್ನು ಇಸಿದುಕೊಂಡು ತಮ್ಮ ಫೋಟೋಗಳನ್ನೆಲ್ಲ ಒಂದೊಂದೇ ಸರಿಸಿ ನೋಡಿ, "ಇದು" ಎಂದು ಬೆರಳಿಟ್ಟರು. ಕೆಳಗಿನ ಮಾತನ್ನೂ ಅವರೇ ಒತ್ತಿ ಬರೆದರು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಕೈ, ಒಂದೊಂದು ಅಕ್ಷರಕ್ಕೂ ಸಮಯ ಹಿಡಿಯಿತು. 'ಮುಖದಲ್ಲಿ ಎಷ್ಟು ಕಳೆ ಬಂದಿದೆ ಅಂತ ಅಂದಾಗ.' ಅದೇ ಮೊದಲು. ಮಿಕ್ಕದ್ದೆಲ್ಲ ಜನ ಬದಲಾಯಿಸಿಕೊಂಡದ್ದು.

ಗುಂಪು ಯಾಕೆ ಬಿಡುವುದಿಲ್ಲ ಎಂದು ಕೇಳು. ಬೆಳಿಗ್ಗೆ ಆರಕ್ಕೆ ಮೊದಲ ಚಿತ್ರ ಹಾಕುವುದು ನನ್ನ ಪಾಳಿ. ಪೇಂಟರಿನ ಹೆಂಡತಿ ಈಗಲೂ ಮೊದಲ ಬಸ್ಸಿಗೆ ವಾರ್ಡಿಗೆ ಹೋಗುತ್ತಾಳೆ. ಬಸ್ಸಿನಲ್ಲಿ ಕೂತು ಗಂಡನ ಫೋನು ಇಸಿದುಕೊಂಡು ನೋಡುತ್ತಾಳೆ. ಸೂಜಿ ಚುಚ್ಚುವ ಮೊದಲು ಒಂದು ಸಲ ನಗಬೇಕು ಅವಳಿಗೆ, ಇಲ್ಲದಿದ್ದರೆ ಕೈ ಬಿಗಿ ಹಿಡಿಯುತ್ತಾಳಂತೆ. ಮೊನ್ನೆ ನಾನು ಹಾಕಿದ್ದು ನನ್ನದೇ ಅಳತೆ ಟೇಪಿನ ಫೋಟೋ, ಗಂಟು ಗಂಟಾಗಿ ಬಿದ್ದದ್ದು: 'ಸ್ವಲ್ಪ ಬಿಗಿ ಮಾಡಿ ಅಂದವರೇ ತಿಂಗಳು ಬಿಟ್ಟು ಸ್ವಲ್ಪ ಸಡಿಲ ಮಾಡಿ ಅಂತ ಬಂದಾಗ.' ಅವಳು ವಾರ್ಡಿನಿಂದಲೇ ಬರೆದಳು: 'ಟೇಪ್ ಅಮ್ಮ, ಹೊಟ್ಟೆ ಹಿಡ್ಕೊಂಡೆ.' ಇಂಥವಳಿಗೆ ನಾನು ಏನೆಂದು ಹೇಳಿ ಹೊರಟುಹೋಗಲಿ? ನಮ್ಮ ನಾದಿನಿಗೆ ಅವಮಾನವಾಗಿದೆ, ನೀನು ನಗದೇ ಚುಚ್ಚಿಸಿಕೋ ಎನ್ನಲೇ?

ಕರೆಯೋಲೆ ಕಳಿಸುವುದು ಬಿಡುವುದು ನಿನಗೆ ಸೇರಿದ್ದು. ಮದುವೆಯ ಉಡುಪು ಹೊಲಿಯುವುದು ನನಗೆ ಸೇರಿದ್ದು, ಅದನ್ನು ಅವಳು ಹತ್ತು ವರ್ಷದವಳಿದ್ದಾಗಲೇ ಒಪ್ಪಿಕೊಂಡಿದ್ದೇನೆ. ಅವಳ ಅಳತೆ ಕಳಿಸು. ಹಳೆಯ ಅಳತೆ ಬೇಡ, ಹುಡುಗಿ ಈಚೆಗೆ ಇಳಿದಿರಬೇಕು.

ನಿನ್ನ
ಅತ್ತಿಗೆ


ಮಾರ್ಚ್ ೨೯

ಅತ್ತಿಗೆ,

ಅಳತೆ ಬೇರೆ ಹಾಳೆಯಲ್ಲಿದೆ. ಚಿಕ್ಕವಳೇ ಬರೆದು ಇಟ್ಟಿದ್ದಾಳೆ, ನಾನು ತಡೆಯಲಿಲ್ಲ.

'ಮುಖದಲ್ಲಿ ಎಷ್ಟು ಕಳೆ ಬಂದಿದೆ.' ನೀವು ಬರೆದ ಆ ಸಾಲು ಓದಿದ ಮೇಲೆ ಚಿತ್ರವನ್ನು ಮತ್ತೆ ತೆರೆದು ದೊಡ್ಡದು ಮಾಡಿ ನೋಡಿದೆ. ಮೊದಲ ಸಲ ಅಣ್ಣನ ಮುಖ ಬಿಟ್ಟು ಬೇರೇನೂ ನೋಡಿರಲಿಲ್ಲ. ಚಮಚ ಹಿಡಿದ ಕೈಗೆ ಒಂದು ಗಡಿಯಾರ ಇದೆ. ಚೌಕದ ಗಡಿಯಾರ. ನಿವೃತ್ತಿಯ ದಿನ ಶಾಲೆಯವರು ಕೊಟ್ಟದ್ದು.

ಆ ಕೈ ನನ್ನದು. ಆ ಮಾತೂ ನನ್ನದು.

ನವೆಂಬರಿನಲ್ಲಿ ಬಂದಿದ್ದೆ. ಅವನ ಮುಖ ಗುರುತೇ ಸಿಗದಷ್ಟು ಇಳಿದಿತ್ತು. ಅದಕ್ಕೇ ಹಾಗೆ ಅಂದೆ. ಏನೆನ್ನಬೇಕಿತ್ತು? ಅವನು ನನ್ನನ್ನು ನೋಡಿದ ನೋಟ ಅದು. ಊಟ ಸೇರದೆ ಹಾಗೆ ನೋಡಿದನೆಂದು ನಾನು ಅಂದುಕೊಂಡಿದ್ದೆ. ಈಗ ಗೊತ್ತಾಯಿತು, ಅವನು ನನ್ನನ್ನು ನಂಬಿರಲಿಲ್ಲ. ನಂಬದೇ ಇದ್ದದ್ದನ್ನು ನೀವು ಫೋಟೋ ತೆಗೆದಿರಿ, ಅವನು ಆರಿಸಿಕೊಟ್ಟ, ಜಗತ್ತೆಲ್ಲ ನನ್ನ ಸುಳ್ಳನ್ನು ನೋಡಿ ನಗುತ್ತಿದೆ. ಇಬ್ಬರೂ ಸೇರಿ ಮಾಡಿದ್ದೀರಿ.

ಇದು ನಿಮಗೆ ಮೊದಲೇ ಗೊತ್ತಿತ್ತು ತಾನೇ?

ನಿಮ್ಮ ನಾದಿನಿ


ಏಪ್ರಿಲ್ ೬

ಪುಟ್ಟಿ,

ಗೊತ್ತಿತ್ತು. ಹಿಂದಿನ ಕಾಗದದಲ್ಲಿ ಆ ಸಾಲನ್ನು ಬರೆದು ಅಂಚೆ ಡಬ್ಬಿಗೆ ಹಾಕಿ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಡಬ್ಬಿಯೊಳಗೆ ಕೈ ಹಾಕಿಯೂ ನೋಡಿದೆ, ನಿಜವಾಗಿಯೂ. ಮೊಣಕೈ ತನಕವೂ ಹೋಗುವುದಿಲ್ಲ.

ನಿನಗೆ ಗೊತ್ತಾಗದೇ ಇರಲಿ ಎಂದು ಮುಚ್ಚಿಟ್ಟಿದ್ದೆ. ಈಗ ಗೊತ್ತಾಗಿದೆ, ಪೂರ್ತಿ ತಿಳಿದುಕೋ. ನೀನು ಅವತ್ತು ಹೊರಟ ಮೇಲೆ ನಿಮ್ಮಣ್ಣ ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ ಅಂದರು:

"ಪುಟ್ಟಿಗೆ ಸುಳ್ಳು ಹೇಳೋಕೆ ಬರಲ್ಲ ಕಣೇ. ಹೇಳುವಾಗ ಕಿವಿ ಕೆಂಪಗಾಗತ್ತೆ. ಚಿಕ್ಕೋಳಿದ್ದಾಗಿಂದ್ಲೂ ಹಂಗೇ. ನನ್ನ ಸೈಕಲ್ ಬೀಳಿಸಿ, ನಾನಲ್ಲ ಅಂದಾಗ್ಲೂ ಹಂಗೇ ಆಗಿತ್ತು."

"ನಿಮಗೆ ಬೇಜಾರಾಯ್ತಾ?" ಅಂತ ಕೇಳಿದೆ.

"ಬೇಜಾರಾ? ಮೂರು ತಿಂಗಳಿಂದ ಬಂದೋರೆಲ್ಲ ಸುಳ್ಳೇ ಹೇಳಿದಾರೆ. ಡಾಕ್ಟ್ರಿಂದ ಹಿಡಿದು ನಿನ್ನ ತನಕ. ಎಲ್ರೂ ಎಷ್ಟು ಚೆನ್ನಾಗಿ ಹೇಳಿದ್ರು ಅಂದ್ರೆ ನಾನೇ ಸ್ವಲ್ಪ ನಂಬ್ಕೊಂಡಿದ್ದೆ. ಇವಳೊಬ್ಳು ನೋಡು, ಕೈಲಾಗ್ದೆ ಹೇಳಿದ್ಲು."

ಹೇಳಿ ನಗಲು ಶುರು ಮಾಡಿದರು. ಪೈಪು ಅಲ್ಲಾಡಿ ನರ್ಸು ಬಂದು ಬೈದಳು. ನಾನು ತೆಗೆದ ಫೋಟೋ ತೋರಿಸಿದೆ. ಅದನ್ನು ನೋಡಿ ಇನ್ನೊಂದು ಸುತ್ತು ನಕ್ಕರು. ಡಿಸೆಂಬರಿನಲ್ಲಿ ಅದನ್ನೇ ಆರಿಸಿದಾಗ ನಾನೂ ಕೇಳಿದೆ, "ಬೇಡ ರೀ, ಪುಟ್ಟಿ ಕಣ್ಣಿಗೆ ಬಿದ್ರೆ ಸಿಟ್ಟು ಮಾಡ್ಕೋತಾಳೆ" ಅಂತ. "ಮಾಡ್ಕೊಳ್ಳಲಿ. ಅತ್ರೆ ಅವಳು ಊಟ ಬಿಡ್ತಾಳೆ. ಸಿಟ್ಟು ಬಂದ್ರೆ ಎರಡು ತುತ್ತು ಜಾಸ್ತಿ ತಿಂತಾಳೆ" ಅಂದರು.

ಇದನ್ನು ನಿನ್ನನ್ನು ಸಮಾಧಾನ ಮಾಡಲು ಬರೆಯಲಿಲ್ಲ. ನಡೆದದ್ದು ಇದು. ಇದಕ್ಕೂ ನೀನು ಸಿಟ್ಟಾದರೆ ಆಗು, ಹಕ್ಕಿದೆ.

ಮೊನ್ನೆ ಚಿಕ್ಕವಳು ಫೋನ್ ಮಾಡಿದ್ದಳು. ನಿನಗೆ ಹೇಳದೆ ಮಾಡಿದ್ದಾಳೆ, ಬೈಯಬೇಡ.

"ಅತ್ತೆ, ಒಂದೇ ಒಂದು ಸಾಲು ಬರೆದುಬಿಡಿ. 'ತಪ್ಪಾಯ್ತು' ಅಂತ. ಅಮ್ಮ ಕರಗಿಹೋಗ್ತಾರೆ. ಗುಂಪಿನಲ್ಲಿ ಬೇಕಾದ್ರೆ ಬೇರೆ ಹೆಸರಲ್ಲಿ ಇರಿ, ಯಾರಿಗೂ ಗೊತ್ತಾಗಲ್ಲ."

"ಅಂದ್ರೆ ಕಳ್ಳಿ ಥರ ನಗಬೇಕಾ?"

"ನಂಗೋಸ್ಕರ ಅತ್ತೆ."

ಫೋನ್ ಇಟ್ಟ ಮೇಲೆ ಹಾಳೆ ತೆಗೆದುಕೊಂಡು ಕೂತೆ. 'ತಪ್ಪಾಯಿತು' ಎಂದು ಬರೆದೆ. ಯಾವುದು ತಪ್ಪಾಯಿತು ಎಂದು ಮುಂದೆ ಬರೆಯಬೇಕಲ್ಲ, ಅಲ್ಲಿ ಪೆನ್ನು ನಿಂತಿತು. ಅವರ ಮಾತಿನಂತೆ ನಡೆದದ್ದೇ? ಅವರಿದ್ದಾಗ ಬೆಂಚಿನ ಮೇಲೆ ನಕ್ಕದ್ದೇ? ಅವರು ಹೋದ ಮೇಲೂ ನಗುತ್ತಿರುವುದೇ? ನಲವತ್ತಮೂರು ವರ್ಷ ಅವರ ಜೊತೆ ಬಾಳಿದ್ದೇನೆ ಪುಟ್ಟಿ. ಅವರಿಗಾಗಿ ಹೇಗೆ ಅಳಬೇಕೆಂದು ಇನ್ನೊಬ್ಬರಿಂದ ಹೇಳಿಸಿಕೊಳ್ಳುವ ಸ್ಥಿತಿ ನನಗೆ ಬಂದಿಲ್ಲ. ನಿನ್ನಿಂದಲೂ. ಆ ಹುಡುಗಿಯಿಂದಲೂ. ಹಾಳೆಯನ್ನು ಮಡಿಸಿ ಮಷೀನಿನ ಗಿಡ್ಡ ಕಾಲಿಗೆ ಒತ್ತು ಕೊಟ್ಟಿದ್ದೇನೆ.

ಉಡುಪು ಏಪ್ರಿಲ್ ಕೊನೆಗೆ ಸಿದ್ಧವಾಗುತ್ತದೆ. ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೇನೆ, ಮುಂದೆ ಬೇಕಾದರೆ ಬಿಚ್ಚಿಕೊಳ್ಳಲಿ. ಪಾರ್ಸೆಲ್ಲಿನಲ್ಲಿ ಕಳಿಸುತ್ತೇನೆ. ಕರೆದರೆ ನಾನೇ ಹಿಡಿದು ತರುತ್ತೇನೆ.

ನಿನ್ನ
ಅತ್ತಿಗೆ


ಮೇ ೨೫

ಅತ್ತಿಗೆ,

ಉಡುಪು ಮೂರನೇ ತಾರೀಕೇ ತಲುಪಿತ್ತು. ತಿಳಿಸಲಿಲ್ಲ. ಅವಳ ಮೈ ಮೇಲೇ ಅಳತೆ ತೆಗೆದು ಹೊಲಿದಂತೆ ಕೂತಿತ್ತು. ಮದುವೆ ಮುಗಿದು ಏಳು ದಿನವಾಯಿತು.

ನಿಮ್ಮ ಏಪ್ರಿಲ್ ಪತ್ರ ಓದಿದ ಮೇಲೆ ಮೂರು ಸಲ ಕರೆಯೋಲೆಯ ಮೇಲೆ ನಿಮ್ಮ ವಿಳಾಸ ಬರೆದೆ. ಮೂರನ್ನೂ ಅಂಚೆಗೆ ಹಾಕಲಿಲ್ಲ. ಆರು ಪುಟದಲ್ಲಿ ಒಂದು ಕಡೆಯಾದರೂ ನೀವು ಬಗ್ಗಬಹುದಿತ್ತು ಎಂದು ಪ್ರತಿ ಸಲವೂ ಅನ್ನಿಸಿತು. ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ, ಬಗ್ಗದವರನ್ನು ಹೊರಗೆ ನಿಲ್ಲಿಸಿಯೇ ಅಭ್ಯಾಸ. ನಿಮ್ಮ ಮಗನನ್ನು ಕರೆದೆ, ನಿಮ್ಮನ್ನು ಹೊರಗೆ ನಿಲ್ಲಿಸಿದೆ. ಎಲ್ಲಿ ಎಂದು ಕೇಳಿದವರಿಗೆ ಜ್ವರ ಎಂದು ಹೇಳಿದೆ.

ಈಗ ನಡೆದದ್ದನ್ನು ಹೇಳುತ್ತೇನೆ. ಸಭಾಂಗಣದ ಬಾಗಿಲ ಬಳಿ ಒಂದು ಮೇಜಿನ ಮೇಲೆ ಅಣ್ಣನ ಫೋಟೋ ಇಟ್ಟಿದ್ದೆವು. ಕೋಟು ಹಾಕಿಕೊಂಡು ಗಂಭೀರವಾಗಿ ಕೂತದ್ದು. ಊಟದ ಹೊತ್ತಿಗೆ ಹುಡುಗನ ಚಿಕ್ಕಪ್ಪ ಅದರ ಮುಂದೆ ನಿಂತುಬಿಟ್ಟರು.

"ಅರೆ, ಇವರು ಸ್ಪೂನ್ ತಾತ ಅಲ್ವಾ?"

ಸುತ್ತ ಇದ್ದವರು ತಿರುಗಿ ನೋಡಿದರು. ನಿಮ್ಮ ಮಗ ಕೈಯಲ್ಲಿದ್ದ ತಟ್ಟೆ ನೋಡುತ್ತ ನಿಂತ. ಚಿಕ್ಕವಳು ದೂರದಿಂದ ನನ್ನನ್ನೇ ನೋಡುತ್ತಿದ್ದಳು. ಹೇಳಬೇಕಾದ ಮಾತು ನನ್ನ ಬಾಯಲ್ಲಿ ಸಿದ್ಧವಿತ್ತು: ಇರಲಾರದು, ಹೋಲಿಕೆ ಇರಬಹುದು. ಅದನ್ನು ಹೇಳಲು ಬಾಯಿ ತೆರೆದೆ. ಕಿವಿ ಬಿಸಿಯಾಯಿತು. ನೀವು ಬರೆದಿರದಿದ್ದರೆ ಅದು ಬಿಸಿಯಾಗುತ್ತದೆಂದು ಈ ಅರವತ್ತೊಂದು ವರ್ಷದಲ್ಲಿ ನನಗೆ ಗೊತ್ತೇ ಆಗುತ್ತಿರಲಿಲ್ಲ.

"ಹೌದು. ನಮ್ಮಣ್ಣ," ಅಂದೆ. "ತಕ್ಕಡಿ ರಿಪೇರಿ ಮಾಡ್ತಿದ್ದ. ಆ ಚಮಚ ಹಿಡಿದಿರೋ ಕೈ ನಂದು." ಗಡಿಯಾರವನ್ನೂ ತೋರಿಸಿದೆ.

ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಮ್ಮಾಫೀಸಲ್ಲಿ ಸಾಹೇಬರ ಕೋಣೆ ಎದುರಿಗೇ ಅಂಟಿಸಿದೀವಿ ಇವರನ್ನ. ಒಂದು ಕೇಳ್ಲಾ ಅಮ್ಮ? ಆ ಚಮಚದಲ್ಲಿ ಏನಿತ್ತು? ಎರಡು ತಿಂಗಳಿಂದ ಜಗಳ ನಡೀತಿದೆ. ನಾನು ಔಷಧಿ ಅಂತೀನಿ, ಮಿಕ್ಕೋರೆಲ್ಲ ಸೂಪು ಅಂತಾರೆ."

"ಬೇಯಿಸಿದ ಕ್ಯಾರೆಟ್ಟು. ಉಪ್ಪಿಲ್ಲದ್ದು."

"ಅಯ್ಯೋ ಪಾಪ" ಅಂದರು, ಅಷ್ಟು ಮನಸಾರೆ ಅಂದರೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ಸಲ ಬೆರಳಿನಲ್ಲಿ ಒತ್ತಿದ್ದಲ್ಲ.

ಹಿಂದೆ ತಿರುಗಿದರೆ ಡ್ರಾಯಿಂಗ್ ಮೇಷ್ಟ್ರು ನಿಂತಿದ್ದಾರೆ. ಮುಖ ಬಿಳಿಚಿಕೊಂಡಿದೆ. "ಹೆಡ್‌ಮಿಸ್, ನಂಗೆ ಗೊತ್ತಿರ್ಲಿಲ್ಲ, ನಾನು ಅದನ್ನ..."

"ಬನ್ನಿ, ಹತ್ತೇ ನಿಮಿಷ ಮಾತಾಡೋಣ" ಅಂದೆ. ಒಂದು ಗಂಟೆ ಕೂರಿಸಿಕೊಂಡೆ.

ಆ ಗಂಟೆಯಲ್ಲಿ ನಾಲ್ಕು ಸಲ ನಿಮ್ಮನ್ನು ಹುಡುಕಿ ಕಣ್ಣು ಆ ಕಡೆ ಈ ಕಡೆ ಹೋಯಿತು. ಯಾರನ್ನು ಹುಡುಕುತ್ತಿದ್ದೀರಿ ಎಂದು ಮೇಷ್ಟ್ರು ಕೇಳಿದರು.

ಕ್ಷಮೆ ಕೇಳಲು ಈ ಪತ್ರ ಬರೆಯಲಿಲ್ಲ. ನಡೆದದ್ದು ಇದು.

ಪುಟ್ಟಿ


ಜೂನ್ ೨

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದವನ್ನು ನಮ್ಮ ಮಗನಿಗೂ ಓದಿ ಹೇಳಿದೆ. ತಟ್ಟೆ ನೋಡುತ್ತ ನಿಂತದ್ದು ನಿಜ ಎಂದು ಒಪ್ಪಿಕೊಂಡ. ಹುಡುಗನ ಚಿಕ್ಕಪ್ಪನ ಜಾಗಕ್ಕೆ ಬಂದಾಗ ನನಗೆ ಉಸಿರು ಕಟ್ಟುವಷ್ಟು ನಗು. ಬೇಯಿಸಿದ ಕ್ಯಾರೆಟ್ಟು ಎಂದು ಅಷ್ಟು ಜನರ ಮುಂದೆ ನೀನು ಹೇಳಿದ್ದನ್ನು ನೋಡಲು ನಾನು ಇರಬೇಕಿತ್ತು.

ಇರಲಿಲ್ಲ. ಪರವಾಗಿಲ್ಲ ಎಂದು ನಾನು ಬರೆಯುವುದಿಲ್ಲ ಪುಟ್ಟಿ. ಆ ಹುಡುಗಿಗೆ ಮೊದಲ ಫ್ರಾಕು ಹೊಲಿದದ್ದು ನಾನು, ಕೊನೆಯ ಗುಂಡಿ ಇಟ್ಟದ್ದು ನಾನು, ಅದನ್ನು ತೊಟ್ಟು ಅವಳು ನಡೆದದ್ದನ್ನು ಕಂಡದ್ದು ಫೋನಿನಲ್ಲಿ, ಅವಳೇ ಕಳಿಸಿದ ಮೂರು ಫೋಟೋದಲ್ಲಿ. ಎಡತೋಳು ಕೂದಲೆಳೆಯಷ್ಟು ಎತ್ತಿ ಕೂತಿದೆ. ಅಲ್ಲಿದ್ದಿದ್ದರೆ ನಿಂತ ನಿಲುವಿನಲ್ಲೇ ಎರಡು ಹೊಲಿಗೆ ಹಾಕಿ ಸರಿ ಮಾಡುತ್ತಿದ್ದೆ. ಅದು ಹಾಗೇ ಉಳಿಯಿತು, ಇನ್ನು ಅವಳ ಮದುವೆಯ ಫೋಟೋಗಳಲ್ಲೆಲ್ಲ ಹಾಗೇ ಇರುತ್ತದೆ.

ಹದಿನೆಂಟನೇ ತಾರೀಕು ಬೆಳಿಗ್ಗೆ ಆರಕ್ಕೆ ಫೋನು ಹಿಡಿದು ಕೂತೆ. ಏನನ್ನು ಹಾಕಲೂ ಮನಸ್ಸು ಬರಲಿಲ್ಲ. ಮೊದಲ ಸಲ ನನ್ನ ಪಾಳಿ ತಪ್ಪಿತು. ಆರೂ ಇಪ್ಪತ್ತಕ್ಕೆ ಪೇಂಟರಿನ ಹೆಂಡತಿ ಬಸ್ಸಿನಿಂದ ಒಂದು ಕತ್ತೆಯ ಫೋಟೋ ಕಳಿಸಿದಳು, ಕೆಳಗೆ ಏನೂ ಬರೆದಿರಲಿಲ್ಲ. ಆಮೇಲೆ ಬೇಕರಿಯವನದ್ದು. ಆಮೇಲೆ ಲೈಬ್ರರಿಯವಳದ್ದು. ಹತ್ತು ಗಂಟೆಯ ಹೊತ್ತಿಗೆ ಮೂವತ್ತೂ ಜನರದ್ದು ಬಂದಿತ್ತು. ಒಬ್ಬರೂ ಏನಾಯಿತೆಂದು ಕೇಳಲಿಲ್ಲ. ನೀನು ಬಿಡು ಎಂದದ್ದು ಇವರನ್ನು.

ಜ್ವರ ಎಂದೆಯಂತೆ. ನನಗೆ ಜ್ವರ ಬಂದಿರಲಿಲ್ಲ. ಕೇಳಿದವರು ಯಾರ್ಯಾರೋ ನಿನಗೆ ನೆನಪಿರುತ್ತದೆ, ಹಾಜರಿ ಕರೆದು ಅಭ್ಯಾಸವಿರುವವಳು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳು: ಅತ್ತಿಗೆಗೆ ಜ್ವರ ಇರಲಿಲ್ಲ, ನಾನು ಕರೆದಿರಲಿಲ್ಲ. ಚಿಕ್ಕಪ್ಪನ ಮುಂದೆ ಒಂದು ಸಲ ನಿಜ ಹೇಳಿದ್ದೀಯ, ಇದು ಅಷ್ಟು ಕಷ್ಟವಾಗಲಾರದು. ಇದೊಂದನ್ನು ಬೇಡಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ನೀನು ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದೆಯೂ ಇಬ್ಬರೂ ಕೇಳುವ ಹಾಗೆ ಕಾಣುವುದಿಲ್ಲ. ಇನ್ನೊಬ್ಬರು ಬಗ್ಗಲಿ ಎಂದು ಕಾಯುತ್ತ ಕೂತರೆ ನಿನ್ನ ಮಂಡಿ, ನನ್ನ ಸೊಂಟ ಎರಡೂ ಹೋಗಿಬಿಡುತ್ತವೆ. ಹಾಗಾಗಿ ಬಗ್ಗದೇ ಬಾ. ನಾಲ್ಕು ದಿನ ಇರುವ ಹಾಗೆ ಬಾ. ಇಲ್ಲಿ ಹಜಾರದಲ್ಲಿ ಎದುರುಬದುರು ಕೂತು ನೋಡೋಣ, ನಗು ಬಂದರೆ ನಗೋಣ, ಜಗಳ ಬಂದರೆ ನೆರೆಯವರಿಗೆ ಕೇಳುವ ಹಾಗೆ ಆಡೋಣ. ಅಳು ಬಂದರೂ ನನ್ನದೇನೂ ತಕರಾರಿಲ್ಲ, ಆದರೆ ನನ್ನ ಮನೆಯಲ್ಲಿ ಊಟ ಬಿಡಲು ಬಿಡುವುದಿಲ್ಲ.

ಯಾವ ದಿನ, ಬಸ್ಸಿಗೋ ರೈಲಿಗೋ, ಬೇಗ ಬರೆ. ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿನ್ನ
ಅತ್ತಿಗೆ